ಮನೆಯ ಮುಂಭಾಗ ಮಂಕಾಗಿದೆ, ಟೈಲ್ಸ್ ಹೊದಿಸಿದರೆ ಸರಿಹೋಗುತ್ತದೆಯೇ?

ಪ್ರಶ್ನೆ: ಮೈಸೂರಿನಲ್ಲಿ ಮೂವತ್ತು-ನಲವತ್ತರ ಸೈಟಿನಲ್ಲಿ ನಮ್ಮ ತಂದೆ 1994ರಲ್ಲಿ ಕಟ್ಟಿಸಿದ ಮನೆ ನಮ್ಮದು. ಪಶ್ಚಿಮಕ್ಕೆ ಮುಖ. ಮುಂದಿನ ಗೋಡೆಯ ಮೇಲೆ ಪ್ಯಾರಪೆಟ್‌ನಿಂದ ಕೆಳಗೆ ಕಪ್ಪು ಗೆರೆಗಳು ಇಳಿದಿವೆ. ನೆಲದಿಂದ ಸುಮಾರು ಎರಡೂವರೆ ಅಡಿವರೆಗೆ ಬಣ್ಣ ಹಕ್ಕಳೆ ಏಳುತ್ತದೆ, ಬಿಳಿ ಪುಡಿ ಉದುರುತ್ತದೆ. ಮೂರು ವರ್ಷದ ಹಿಂದೆ ಹೊಡೆಸಿದ ಬಣ್ಣ ಎರಡೇ ಮಳೆಗಾಲಕ್ಕೆ ಹೋಯಿತು. ಏಳೆಂಟು ವರ್ಷದ ಹಿಂದೆ ಅಂಗಳಕ್ಕೆ ಪಾರ್ಕಿಂಗ್ ಟೈಲ್ಸ್ ಹಾಕಿಸಿದ್ದೆವು. ಪ್ಯಾರಪೆಟ್ ಬಿರುಕಿನಲ್ಲಿ ಒಂದು ಅರಳಿ ಸಸಿ ಬೆಳೆದಿದೆ. ಗೇಟು ಕೆಳಗಡೆ ತುಕ್ಕು ಹಿಡಿದಿದೆ. ಬರುವ ಮೇ ತಿಂಗಳಲ್ಲಿ ಮಗಳ ಮದುವೆ. ಒಬ್ಬ ಕಂಟ್ರಾಕ್ಟರ್ ಮುಂಭಾಗ ಪೂರ್ತಿ ಎಲಿವೇಷನ್ ಟೈಲ್ಸ್, ಮೇಲೆ ಅಲ್ಯೂಮಿನಿಯಂ ಪ್ಯಾನೆಲ್ ಹಾಕಿಕೊಡುತ್ತೇನೆ, ನಾಲ್ಕೂವರೆ ಲಕ್ಷ ಆಗುತ್ತದೆ, ಆಮೇಲೆ ಬಣ್ಣದ ತಲೆನೋವೇ ಇರುವುದಿಲ್ಲ ಎನ್ನುತ್ತಿದ್ದಾರೆ. ಗೇಟಿನ ಮುಂದಿರುವ ಹೊಂಗೆ ಮರ ಕಡಿಸಿದರೆ ಮನೆ ಎದ್ದು ಕಾಣುತ್ತದೆ ಎಂದೂ ಹೇಳಿದರು. ಪೇಂಟರ್ ಮಾತ್ರ ಡಾರ್ಕ್ ಗ್ರೇ ಹೊಡೆಸಿ, ಕಲೆ ಕಾಣುವುದಿಲ್ಲ ಅಂತಾರೆ. ಅಕ್ಕಪಕ್ಕ ಹೊಸ ಮನೆಗಳು ಬಂದು ನಮ್ಮದು ಹಳೇದಾಗಿ ಕಾಣುತ್ತಿದೆ. ಏನು ಮಾಡಲಿ?

ಉತ್ತರ: ಮಗಳ ಮದುವೆ ಹತ್ತಿರ ಇದೆ, ನೆಂಟರಿಷ್ಟರು ಬರುತ್ತಾರೆ, ಮನೆ ಮುಂದೆ ಚಪ್ಪರ ಏಳುತ್ತದೆ. ಆ ಹೊತ್ತಿಗೆ ಮನೆ ಚೆನ್ನಾಗಿ ಕಾಣಬೇಕು ಎನ್ನುವ ಆಸೆ ಸಹಜ. ಆದರೆ ನೀವು ಬರೆದ ಒಂದೊಂದು ವಿವರವನ್ನೂ ಓದಿದಾಗ ನನಗೆ ಕಂಡದ್ದು ಹಳೆಯ ಮನೆಯ ತೊಂದರೆ ಅಲ್ಲ, ನೀರಿನ ತೊಂದರೆ. ಮೂವತ್ತು ವರ್ಷ ದಾಟಿದ ಮನೆ ಎಂಬ ಕಾರಣಕ್ಕೆ ಬಣ್ಣ ಎರಡು ಮಳೆಗಾಲಕ್ಕೆ ಉದುರುವುದಿಲ್ಲ. ನೀರು ಎರಡು ಕಡೆಯಿಂದ ನಿಮ್ಮ ಗೋಡೆಗೆ ಬರುತ್ತಿದೆ, ಮೇಲಿನಿಂದ ಮತ್ತು ಕೆಳಗಿನಿಂದ. ಆ ಎರಡು ದಾರಿ ಮುಚ್ಚದೆ ಮೇಲೆ ಏನೇ ಹೊದಿಸಿದರೂ ನಾಲ್ಕೂವರೆ ಲಕ್ಷ ಹೋಗುತ್ತದೆ, ತೊಂದರೆ ಹಾಗೇ ಉಳಿಯುತ್ತದೆ.

ಮೊದಲು ಕಪ್ಪು ಗೆರೆಗಳ ವಿಷಯ. ತುಂಬಾ ಜನ ಇದನ್ನು ಧೂಳು, ಹೊಗೆ ಎಂದುಕೊಳ್ಳುತ್ತಾರೆ. ಬಹುಪಾಲು ಅದು ಪಾಚಿ ಮತ್ತು ಬೂಷ್ಟು. ನೀರು ಎಲ್ಲಿ ಮತ್ತೆ ಮತ್ತೆ ಹರಿದು ನಿಧಾನವಾಗಿ ಒಣಗುತ್ತದೋ ಅಲ್ಲಿ ಅದು ಬೆಳೆಯುತ್ತದೆ. ಮಳೆಗಾಲದಲ್ಲಿ ಹಸಿರಾಗಿದ್ದು ಬೇಸಿಗೆಯಲ್ಲಿ ಒಣಗಿ ಕಪ್ಪಾಗುತ್ತದೆ. ನಿಮ್ಮ ಮನೆ ಪಶ್ಚಿಮಕ್ಕೆ ಮುಖ ಮಾಡಿದೆ. ನಮ್ಮಲ್ಲಿ ಮುಂಗಾರಿನ ಗಾಳಿ ಪಶ್ಚಿಮ, ನೈಋತ್ಯದಿಂದ ಬೀಸುವುದರಿಂದ ಇರಿಚಲು ಹೆಚ್ಚಾಗಿ ಬೀಳುವುದು ಆ ಗೋಡೆಗೇ. ಅದರ ಮೇಲೆ 1990ರ ದಶಕದ ಎಷ್ಟೋ ಮನೆಗಳಲ್ಲಿ ಪ್ಯಾರಪೆಟ್‌ನ ತಲೆಗೆ ಬರೀ ಗಾರೆ ಬಳಿದು ಬಿಟ್ಟಿರುತ್ತಾರೆ. ಮೇಲ್ಭಾಗ ಸಪಾಟಾಗಿರುತ್ತದೆ, ಇಲ್ಲವೇ ಹೊರಕ್ಕೆ ವಾಟ ಇರುತ್ತದೆ. ಅಲ್ಲಿ ಕೂತ ಧೂಳನ್ನೆಲ್ಲ ತೊಳೆದುಕೊಂಡು ನೀರು ಮುಂಭಾಗದ ಗೋಡೆಯ ಮೇಲೇ ಇಳಿಯುತ್ತದೆ. ರಸ್ತೆಯ ಆಚೆ ನಿಂತು ನೋಡಿ. ಗೆರೆಗಳು ಪ್ಯಾರಪೆಟ್‌ನ ಅಂಚಿನಿಂದ ಮತ್ತು ಸಜ್ಜಾದ ಎರಡು ತುದಿಗಳಿಂದ ಶುರುವಾಗಿದ್ದರೆ ಕಾರಣ ಇದೇ.

ಇದಕ್ಕೆ ಪರಿಹಾರ ದೊಡ್ಡದೇನಲ್ಲ. ಪ್ಯಾರಪೆಟ್‌ನ ತಲೆಯ ಮೇಲೆ ಗ್ರಾನೈಟ್ ಅಥವಾ ಒರಟು ಕಡಪ ಕಲ್ಲಿನ ಪಟ್ಟಿ ಕೂರಿಸಿ. ಎರಡೂ ಬದಿಗೆ ಒಂದು ಇಂಚು ಹೊರಚಾಚಿರಲಿ. ವಾಟ ಟೆರೇಸಿನ ಕಡೆಗೆ ಇರಲಿ, ರಸ್ತೆಯ ಕಡೆಗೆ ಬೇಡ. ಹೊರಚಾಚಿದ ಭಾಗದ ಅಡಿಯಲ್ಲಿ ಉದ್ದಕ್ಕೂ ಒಂದು ಸಣ್ಣ ತೋಡು ಕೊರೆಸಿ. ಸಜ್ಜಾದ ಅಡಿಯಲ್ಲೂ ಅಂಚಿನಿಂದ ಒಂದೂವರೆ ಇಂಚು ಒಳಗೆ ಇಂಥದೇ ತೋಡು ಬೇಕು. ಕಲ್ಲಿನ ಅಡಿಗೆ ಅಂಟಿಕೊಂಡು ಗೋಡೆಯ ಕಡೆ ಜಾರುವ ನೀರು ಆ ತೋಡಿಗೆ ಬಂದಾಗ ಮುಂದೆ ಹೋಗಲಾರದೆ ಹನಿಯಾಗಿ ಕೆಳಗೆ ಬೀಳುತ್ತದೆ. ಗೋಡೆ ಒಣಗಿರುತ್ತದೆ. ಮೇಸ್ತ್ರಿಗೆ ಇದು ಕೆಲವೇ ದಿನದ ಕೆಲಸ. ಮನೆಯ ಅಂದಕ್ಕೆ ಖರ್ಚು ಮಾಡುವ ಹಣದಲ್ಲಿ ಇದಕ್ಕಿಂತ ಹೆಚ್ಚು ಫಲ ಕೊಡುವ ಕೆಲಸ ನಾನು ಕಂಡಿಲ್ಲ. ಟೆರೇಸಿನ ನೀರು ಗಿಡ್ಡ ಕೊಳವೆಯಿಂದ ಗೋಡೆಯ ಪಕ್ಕದಲ್ಲೇ ಧುಮುಕುತ್ತಿದ್ದರೆ ಅದಕ್ಕೆ ನೆಲದವರೆಗೆ ಪೈಪ್ ಕೊಡಿಸಿ.

ಅರಳಿ ಸಸಿಯನ್ನು ಮೇಲಿಂದ ಕತ್ತರಿಸಿ ಬಿಡಬೇಡಿ. ಬೇರು ಒಳಗೇ ಉಳಿದರೆ ಮುಂದಿನ ಮಳೆಗೆ ಮತ್ತೆ ಚಿಗುರುತ್ತದೆ, ಬೇರು ದಪ್ಪವಾದಷ್ಟೂ ಬಿರುಕು ಅಗಲವಾಗುತ್ತದೆ. ಕಲ್ಲು ಕೂರಿಸುವ ಮುನ್ನ ಬಿರುಕಿನ ಸುತ್ತಲ ಗಾರೆ ಒಡೆಸಿ, ಬೇರು ಪೂರ್ತಿ ತೆಗೆಸಿ, ಆಮೇಲೆ ಗಾರೆ ತುಂಬಿಸಿ. ಅರಳಿ ಕೀಳಲು ಮನಸ್ಸು ಒಪ್ಪದಿದ್ದರೆ ಬೇರು ಸಮೇತ ತೆಗೆದು ಕುಂಡಕ್ಕೆ ಹಾಕಿ, ಆಮೇಲೆ ದೇವಸ್ಥಾನದ ಅಂಗಳಕ್ಕೋ ಕೆರೆ ಏರಿಗೋ ಕೊಡಬಹುದು. ಸಣ್ಣ ಸಸಿ ಸಾಮಾನ್ಯವಾಗಿ ಬದುಕಿಕೊಳ್ಳುತ್ತದೆ.

ಪಾಚಿ ತೊಳೆಯಲು ಕೆಲವರು ಬಾತ್‌ರೂಮಿನ ಆಸಿಡ್ ಬಳಸುತ್ತಾರೆ. ದಯವಿಟ್ಟು ಬೇಡ. ಅದು ಸಿಮೆಂಟ್ ಗಾರೆಯನ್ನೇ ತಿನ್ನುತ್ತದೆ. ಬ್ಲೀಚಿಂಗ್ ಪೌಡರ್ ಕಲಸಿದ ನೀರನ್ನು ಬಳಿದು, ಸ್ವಲ್ಪ ಹೊತ್ತು ಬಿಟ್ಟು, ಗಟ್ಟಿ ಬ್ರಷ್‌ನಿಂದ ಉಜ್ಜಿ, ಚೆನ್ನಾಗಿ ನೀರು ಹಾಕಿ ತೊಳೆದರೆ ಸಾಕು. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಇರಲಿ. ಬ್ಲೀಚಿಂಗ್ ಪೌಡರ್ ಮತ್ತು ಆಸಿಡ್ ಯಾವ ಕಾರಣಕ್ಕೂ ಸೇರಬಾರದು. ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ, ಅದು ವಿಷ.

ಈಗ ಕೆಳಗಿನ ಎರಡೂವರೆ ಅಡಿಯ ಕಥೆ. ನಿಜವಾದ ಕಷ್ಟ ಇರುವುದು ಇಲ್ಲಿ.

ಇಟ್ಟಿಗೆಯಲ್ಲಿ ಸಣ್ಣ ಸಣ್ಣ ರಂಧ್ರಗಳಿರುತ್ತವೆ. ಅವು ನೆಲದ ತೇವವನ್ನು ದೀಪದ ಬತ್ತಿ ಎಣ್ಣೆ ಎಳೆದಂತೆ ಮೇಲಕ್ಕೆ ಎಳೆಯುತ್ತವೆ. ಅದನ್ನು ತಡೆಯಲೆಂದೇ ತಳಪಾಯ ಮುಗಿಯುವ ಮಟ್ಟದಲ್ಲಿ ಒಂದು ಕಾಂಕ್ರೀಟ್ ಪಟ್ಟಿ ಹಾಕುತ್ತಾರೆ, ಮೇಸ್ತ್ರಿಗಳು ಅದನ್ನು ಡಿಪಿಸಿ ಎನ್ನುತ್ತಾರೆ. ಹೊರಗಿನ ನೆಲ ಆ ಪಟ್ಟಿಗಿಂತ ಕನಿಷ್ಠ 6 ಇಂಚು ಕೆಳಗಿರಬೇಕು. ನಿಮ್ಮ ತಂದೆ ಕಟ್ಟಿಸಿದಾಗ ಹಾಗೆಯೇ ಇದ್ದಿರಬೇಕು. ಆಮೇಲೆ ರಸ್ತೆಗೆ ಹಳೆಯ ಡಾಂಬರಿನ ಮೇಲೆ ಹೊಸ ಡಾಂಬರು ಬಂದಿರುತ್ತದೆ, ರಸ್ತೆ ಏರಿರುತ್ತದೆ. ಅದಕ್ಕೆ ಸರಿಸಮ ಮಾಡಲು ಅಂಗಳಕ್ಕೆ ಮಣ್ಣು, ಅದರ ಮೇಲೆ ಪಾರ್ಕಿಂಗ್ ಟೈಲ್ಸ್. ಈಗ ಅಂಗಳದ ನೆಲ ಡಿಪಿಸಿಯ ಮಟ್ಟಕ್ಕೋ ಅದಕ್ಕಿಂತ ಮೇಲಕ್ಕೋ ಬಂದಿರುವ ಸಾಧ್ಯತೆ ಜಾಸ್ತಿ. ಅಂದರೆ ತಡೆ ಇದ್ದರೂ ನೀರು ಅದನ್ನು ದಾಟಿ ಪಕ್ಕದಿಂದ ಗೋಡೆಗೆ ಹೋಗುತ್ತಿದೆ. ಜೊತೆಗೆ ಗಟ್ಟಿ ಟೈಲ್ಸ್ ಮೇಲೆ ಬಿದ್ದ ಮಳೆ ಹನಿ ಸಿಡಿದು ಗೋಡೆಯ ಕೆಳಭಾಗವನ್ನು ಪದೇ ಪದೇ ನೆನೆಸುತ್ತದೆ. ಮಣ್ಣಿನ ಅಂಗಳ ಇದ್ದಾಗ ಅಷ್ಟು ಸಿಡಿಯುತ್ತಿರಲಿಲ್ಲ.

ಉದುರುವ ಬಿಳಿ ಪುಡಿ ಉಪ್ಪು. ನೆಲದಲ್ಲಿ, ಇಟ್ಟಿಗೆಯಲ್ಲಿ, ಸಿಮೆಂಟಿನಲ್ಲಿ ಇರುವ ಲವಣಗಳು ನೀರಿನಲ್ಲಿ ಕರಗಿ ಮೇಲ್ಮೈಗೆ ಬರುತ್ತವೆ. ನೀರು ಆರಿಹೋದಾಗ ಅವು ಹರಳುಗಟ್ಟಿ ಹಿಗ್ಗುತ್ತವೆ. ಆ ಒತ್ತಡಕ್ಕೆ ಬಣ್ಣ, ಪುಟ್ಟಿ, ಕೊನೆಗೆ ಗಾರೆಯೂ ಎದ್ದುಬರುತ್ತದೆ. ಹಾಗಾಗಿ ಒಳ್ಳೆಯ ಕಂಪನಿಯ ವಾಟರ್‌ಪ್ರೂಫ್ ಬಣ್ಣ ಹೊಡೆಸಿದರೆ ನಿಲ್ಲುತ್ತದೆ ಎನ್ನುವುದು ತಪ್ಪು. ಆ ಬಣ್ಣಗಳು ಹೊರಗಿನ ಮಳೆಯನ್ನು ತಡೆಯಲು ಮಾಡಿದವು. ಹಿಂದಿನಿಂದ ನೂಕುವ ತೇವದ ಮುಂದೆ ಅವು ಬಲೂನಿನ ಹಾಗೆ ಉಬ್ಬುತ್ತವೆ ಅಷ್ಟೇ.

ಟೈಲ್ಸ್ ಹೊದಿಸಿದರೂ ಇದೇ ಆಗುತ್ತದೆ, ಸ್ವಲ್ಪ ನಿಧಾನವಾಗಿ. ಈಗ ಗೋಡೆ ಎರಡೂವರೆ ಅಡಿಯೊಳಗೆ ತನ್ನ ತೇವವನ್ನು ಹೊರಗೆ ಬಿಡುತ್ತಿದೆ. ಆ ಜಾಗ ಮುಚ್ಚಿದರೆ ತೇವ ಇನ್ನೂ ಮೇಲಕ್ಕೆ ಏರುತ್ತದೆ, ಇಲ್ಲವೇ ಒಳಗಿನ ಹಾಲ್‌ನ ಗೋಡೆಗೆ ತಿರುಗುತ್ತದೆ. ಹೊರಗೆ ಚೆನ್ನಾಗಿ ಕಾಣುತ್ತಾ ಒಳಗೆ ಸೋಫಾದ ಹಿಂದೆ ಗೋಡೆ ಉದುರಲು ಶುರುವಾದ ಮನೆಗಳಿಗೆ ನನ್ನನ್ನು ಕರೆದಿದ್ದಾರೆ. ಅಲ್ಲಿ ಮೊದಲ ಕೆಲಸ ಹೊಸ ಟೈಲ್ಸ್ ಕಿತ್ತು ಹಾಕುವುದೇ ಆಗಿರುತ್ತದೆ.

ಇನ್ನೊಂದು ಅಪಾಯ ಇದೆ. ಬಣ್ಣ ಬಳಿದ ಹಳೆಯ ಗೋಡೆಯ ಮೇಲೆ ಟೈಲ್ಸ್ ಹಾಕಬೇಕಾದರೆ ಬಣ್ಣ, ಪುಟ್ಟಿ ಪೂರ್ತಿ ಕೆರೆದು, ಗಾರೆ ಒರಟು ಮಾಡಿ, ಸರಿಯಾದ ಟೈಲ್ ಅಂಟನ್ನು ಟೈಲಿನ ಹಿಂಬದಿ ಪೂರ್ತಿ ಹಚ್ಚಬೇಕು. ಎಷ್ಟೋ ಕಡೆ ಸಿಮೆಂಟ್ ಹಾಲಿನ ನಾಲ್ಕು ಗುಡ್ಡೆ ಇಟ್ಟು ಒತ್ತಿಬಿಡುತ್ತಾರೆ. ಹಿಂದೆ ಟೊಳ್ಳು ಉಳಿಯುತ್ತದೆ, ಅಲ್ಲಿ ನೀರು ಸೇರುತ್ತದೆ. ಪಶ್ಚಿಮದ ಬಿಸಿಲಿಗೆ ಟೈಲ್ಸ್ ಹಿಗ್ಗಿ, ಸಂಜೆ ಮಳೆಗೆ ಕುಗ್ಗಿ, ಒಂದು ದಿನ ಕಳಚುತ್ತದೆ. ಮೊದಲ ಮಹಡಿಯ ಎತ್ತರದಿಂದ ಗೇಟಿನ ಹತ್ತಿರ ಬಿದ್ದರೆ ಏನಾಗುತ್ತದೆ ಯೋಚಿಸಿ. ನಿಮಗೆ ಕಲ್ಲು ಅಥವಾ ಟೈಲ್ಸ್ ತುಂಬಾ ಇಷ್ಟವಾಗಿದ್ದರೆ ಪೋರ್ಟಿಕೊದ ಒಣ ಕಂಬಕ್ಕೆ, ಬಾಗಿಲಿನ ಪಕ್ಕದ ಒಂದು ಪಟ್ಟಿಗೆ ಹಾಕಿಸಿ. ಅಂಟಿನ ಚೀಲದ ಮೇಲೆ ಐಎಸ್ 15477 ಎಂಬ ಗುರುತು (ಟೈಲ್ ಅಂಟಿನ ಭಾರತೀಯ ಮಾನಕದ ಸಂಖ್ಯೆ) ಇದೆಯೇ ನೋಡಿಕೊಳ್ಳಿ. ಭಾರವಾದ ಕಲ್ಲಿಗೆ ಅಂಟಿನ ಜೊತೆ ಸ್ಟೀಲ್ ಕ್ಲ್ಯಾಂಪ್ ಕೂಡ ಬೇಕು.

ಅಲ್ಯೂಮಿನಿಯಂ ಪ್ಯಾನೆಲ್ ಬಗ್ಗೆ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ನಿಮ್ಮ ಮನೆಗೆ ಅದು ಬೇಡ. ಅದನ್ನು ಕೂರಿಸಲು ಗೋಡೆಗೆ ಹತ್ತಾರು ತೂತು ಕೊರೆಯುತ್ತಾರೆ, ಪ್ರತಿಯೊಂದೂ ನೀರಿಗೆ ದಾರಿ. ಹಿಂದಿನ ಸಂದಿಯಲ್ಲಿ ಪಾರಿವಾಳ, ಇಲಿ, ಕಡಜ ಸೇರಿಕೊಳ್ಳುತ್ತವೆ. ಅಗ್ಗದ ಪ್ಯಾನೆಲ್‌ಗಳ ಎರಡು ಅಲ್ಯೂಮಿನಿಯಂ ತಗಡಿನ ಮಧ್ಯೆ ಇರುವುದು ಪಾಲಿಥಿನ್, ಅದು ಹೊತ್ತಿಕೊಳ್ಳುತ್ತದೆ. 2017ರಲ್ಲಿ ಲಂಡನ್ನಿನ ಗ್ರೆನ್‌ಫೆಲ್ ಟವರ್‌ನಲ್ಲಿ 72 ಜನ ಸತ್ತ ಬೆಂಕಿ ಅಷ್ಟು ಬೇಗ ಮೇಲಕ್ಕೆ ಹಬ್ಬಲು ಇಂಥ ಹೊದಿಕೆಯೇ ಮುಖ್ಯ ಕಾರಣ. ಎರಡು ಅಂತಸ್ತಿನ ಮನೆಯಲ್ಲಿ ಅಪಾಯ ಅಷ್ಟು ದೊಡ್ಡದಲ್ಲ. ಆದರೂ ಮೀಟರ್ ಬೋರ್ಡ್ ಪಕ್ಕದಲ್ಲಿ ಅದನ್ನು ಯಾಕೆ ತಂದಿಡಬೇಕು ಅಲ್ವಾ?

ಹಾಗಾದರೆ ಕೆಳಭಾಗಕ್ಕೆ ಏನು ಮಾಡುವುದು? ಗೋಡೆಯ ಉದ್ದಕ್ಕೂ ಒಂದು ಅಡಿ ಅಗಲ ಪಾರ್ಕಿಂಗ್ ಟೈಲ್ಸ್ ತೆಗೆಸಿ, ಡಿಪಿಸಿ ಕಾಣುವವರೆಗೆ, ಅದಕ್ಕಿಂತ ಅರ್ಧ ಅಡಿ ಕೆಳಗಿನವರೆಗೆ ಅಗೆಸಿ. ತಳಪಾಯದ ಕಲ್ಲಿನ ಅಡಿಗೆ ಮಾತ್ರ ಹೋಗಬೇಡಿ. ತಳಕ್ಕೆ ವಾಟ ಕೊಟ್ಟು, ತೂತು ಪೈಪ್ ಇಟ್ಟು, ಅದನ್ನು ಮಳೆನೀರಿನ ಮೋರಿಗೆ ಸೇರಿಸಿ. ಮೇಲೆ 20 ಮಿ.ಮೀ. ಗಾತ್ರದ ಜಲ್ಲಿ ತುಂಬಿಸಿ. ಜಲ್ಲಿ ಇದ್ದರೆ ಹನಿ ಸಿಡಿಯುವುದಿಲ್ಲ, ಗೋಡೆಯ ಬುಡಕ್ಕೆ ಗಾಳಿಯೂ ಆಡುತ್ತದೆ. ಮೇಲ್ಭಾಗಕ್ಕೆ ನದಿಕಲ್ಲು ಹರಡಿದರೆ ನೋಡಲೂ ಲಕ್ಷಣ. ಉಳಿದ ಅಂಗಳದ ವಾಟ ಮನೆಯ ಕಡೆಗಿದ್ದರೆ ಅದನ್ನು ಗೇಟಿನ ಕಡೆಗೆ ತಿರುಗಿಸಲೇಬೇಕು. ಒಂದು ಬಕೆಟ್ ನೀರು ಸುರಿದು ನೋಡಿ, ಎಲ್ಲಿಗೆ ಓಡುತ್ತದೆ ಎಂದು ಗೊತ್ತಾಗುತ್ತದೆ.

ಆಮೇಲೆ ಕೆಟ್ಟ ಗಾರೆ ತೆಗೆಸಿ, ಕಲೆ ಕಾಣುವ ಎತ್ತರಕ್ಕಿಂತ ಒಂದೂವರೆ ಅಡಿ ಮೇಲಿನವರೆಗೆ. ಉಪ್ಪನ್ನು ಒಣ ಬ್ರಷ್‌ನಿಂದಲೇ ಉಜ್ಜಿ ಗುಡಿಸಿ ಹೊರಗೆ ಹಾಕಬೇಕು. ನೀರಿನಿಂದ ತೊಳೆದರೆ ಅದು ಕರಗಿ ಮತ್ತೆ ಗೋಡೆಗೇ ಇಳಿಯುತ್ತದೆ. ಇಟ್ಟಿಗೆಯನ್ನು ಹಾಗೇ ಬಿಸಿಲು ಗಾಳಿಗೆ ಬಿಡಿ. ಇಲ್ಲಿ ತಾಳ್ಮೆ ಬೇಕು. 9 ಇಂಚಿನ ಗೋಡೆ ಪೂರ್ತಿ ಒಣಗಲು ತಿಂಗಳುಗಳೇ ಹಿಡಿಯುತ್ತವೆ. ಹೊಸ ಗಾರೆಗೆ ಸಿಮೆಂಟ್ ಜಾಸ್ತಿ ಹಾಕಿದರೆ ಗಟ್ಟಿ ಎಂದುಕೊಳ್ಳುತ್ತಾರೆ, ಆದರೆ ಇಂಥ ಗೋಡೆಗೆ ಸುಣ್ಣ ಬೆರೆಸಿದ ಮೆದು ಗಾರೆಯೇ ಮೇಲು. ಅದರ ಮೂಲಕ ತೇವ ಹೊರಗೆ ಹೋಗಬಲ್ಲದು.

ಅಂಗಳ ತಗ್ಗಿಸಿದ ಮೇಲೂ ಒಂದು ಮಳೆಗಾಲ ಕಳೆದು ತೇವ ಏರುತ್ತಿದ್ದರೆ ಡಿಪಿಸಿಯೇ ಹಾಳಾಗಿದೆ ಎಂದರ್ಥ. ಆಗ ಗೋಡೆಗೆ ಸಾಲಾಗಿ ತೂತು ಕೊರೆದು ನೀರು ತಡೆಯುವ ರಾಸಾಯನಿಕ ತುಂಬುವ ದಾರಿ ಇದೆ. ಅದು ದುಬಾರಿ, ಕೆಲಸಗಾರರ ಕೈಚಳಕದ ಮೇಲೆ ನಿಂತಿರುತ್ತದೆ. ಮೊದಲೇ ಅದಕ್ಕೆ ಕೈಹಾಕಬೇಡಿ.

ಮದುವೆ ಮೇ ತಿಂಗಳಲ್ಲಿ. ಅಗೆಯುವುದು, ಗಾರೆ ತೆಗೆಯುವುದು, ಪ್ಯಾರಪೆಟ್ ಕಲ್ಲು ಈ ಮೂರನ್ನೂ ಈಗಲೇ, ಚಳಿಗಾಲ ಮುಗಿಯುವುದರೊಳಗೆ ಮಾಡಿಸಿ. ಮಾರ್ಚ್‌ನಲ್ಲಿ ಗಾರೆ. ಹೊಸ ಗಾರೆಗೆ ಕ್ಯೂರಿಂಗ್ (ನೀರು ಹಾಕಿ ಹದಗೊಳಿಸುವುದು), ಒಣಗುವುದು ಎಲ್ಲ ಸೇರಿ ಕಡಿಮೆ ಎಂದರೂ 28 ದಿನ ಬಿಡಬೇಕು. ಬಣ್ಣ ಏಪ್ರಿಲ್‌ನಲ್ಲಿ ಹೊಡೆಸಬಹುದು, ಸಂಜೆಯ ಗುಡುಗು ಮಳೆ ನೋಡಿಕೊಂಡು ಬೆಳಗ್ಗೆ ಬೇಗ ಕೆಲಸ ಶುರು ಮಾಡಬೇಕು. ಅದಕ್ಕೂ ಮುಂಚೆ ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಯ ಕೆಳಭಾಗಕ್ಕೆ ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ, ಎರಡು ದಿನ ಬಿಡಿ. ಗೋಡೆಯ ಕಡೆಯ ಮೈಯಲ್ಲಿ ನೀರಿನ ಹನಿ ಕಂಡರೆ ಇನ್ನೂ ಒಣಗಿಲ್ಲ. ಹಾಗಿದ್ದರೆ ಕೆಳಗಿನ ಮೂರು ನಾಲ್ಕು ಅಡಿಗೆ ಈ ವರ್ಷ ಬರೀ ಸುಣ್ಣ ಬಳಿಸಿ, ಮೇಲೆ ಮಾತ್ರ ಎಕ್ಸ್‌ಟೀರಿಯರ್ ಬಣ್ಣ ಹೊಡೆಸಿ. ಸುಣ್ಣಕ್ಕೆ ಕಾವಿ ಬಣ್ಣ ಬೆರೆಸಿದರೆ ಕೆಳಗೆ ಒಂದು ಕೆಂಪು ಪಟ್ಟಿಯೇ ಆಗುತ್ತದೆ. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಬುಡಕ್ಕೆ ಕಾವಿ ಬಳಿಯುತ್ತಿದ್ದರು, ಮಣ್ಣಿನ ಸಿಡಿತ ಅದರಲ್ಲಿ ಕಾಣುವುದಿಲ್ಲ. ಮದುವೆ ಮನೆಗೆ ಅದು ಎಷ್ಟು ಚೆಂದ! ಇದರ ಕೊರತೆಯನ್ನೂ ಹೇಳಬೇಕು: ಸುಣ್ಣ ಕೈಗೆ ಅಂಟುತ್ತದೆ, ವರ್ಷ ವರ್ಷ ಬಳಿಸಬೇಕು. ಮುಂದೆ ಎಕ್ಸ್‌ಟೀರಿಯರ್ ಬಣ್ಣ ಹೊಡೆಸುವಾಗ ಪುಡಿ ಪೂರ್ತಿ ಕೆರೆದು ಪ್ರೈಮರ್ ಹಾಕದಿದ್ದರೆ ಬಣ್ಣ ನಿಲ್ಲುವುದಿಲ್ಲ.

ಡಾರ್ಕ್ ಗ್ರೇ ವಿಷಯಕ್ಕೆ ಬಂದರೆ, ಪಾಚಿಯ ಕಪ್ಪು ಅದರಲ್ಲಿ ಸ್ವಲ್ಪ ಮರೆಯಾಗುತ್ತದೆ ನಿಜ. ಆದರೆ ಉಪ್ಪಿನ ಬಿಳಿ ಎದ್ದು ಕುಣಿಯುತ್ತದೆ. ಪಶ್ಚಿಮದ ಗೋಡೆ ಮಧ್ಯಾಹ್ನದ ಬಿಸಿಲನ್ನೆಲ್ಲ ಹೀರಿ ಮುಂದಿನ ಕೋಣೆಯನ್ನು ರಾತ್ರಿವರೆಗೂ ಬಿಸಿ ಇಡುತ್ತದೆ, ಬಣ್ಣವೂ ಬೇಗ ಮಾಸುತ್ತದೆ. ಕೆನೆ ಬಣ್ಣ, ತಿಳಿ ಗೋಪಿ, ಮಾಸಲು ಬಿಳಿ ಇಂಥವು ನಿಮಗೆ ಹೊಂದುತ್ತವೆ. ಮೊಬೈಲಿನಲ್ಲೋ ಕಾರ್ಡಿನಲ್ಲೋ ನೋಡಿ ಆರಿಸಬೇಡಿ. ಗೋಡೆಯ ಮೇಲೇ ಮೂರು ಅಡಿ ಚೌಕಕ್ಕೆ ಹೊಡೆಸಿ, ಬೆಳಗ್ಗೆ ಒಮ್ಮೆ, ಸಂಜೆ ಬಿಸಿಲಿನಲ್ಲಿ ಒಮ್ಮೆ ನೋಡಿ. ಸಜ್ಜಾದ ಅಂಚು, ಕಿಟಕಿಯ ಚೌಕಟ್ಟು ಬೇರೆ ಬಣ್ಣದಲ್ಲಿರಲಿ. 1990ರ ದಶಕದ ಮನೆಗಳಲ್ಲಿ ಉದ್ದ ಸಜ್ಜಾ, ಗ್ರಿಲ್ಲಿನ ಚಿತ್ತಾರ, ದುಂಡು ಕಂಬ ಇರುತ್ತವೆ. ಅವೇ ಆ ಮನೆಯ ಗುರುತು. ಅವನ್ನು ಮುಚ್ಚಿ ಪಕ್ಕದ ಡಬ್ಬಿಯಂಥ ಮನೆಯ ಹಾಗೆ ಮಾಡಲು ಹೊರಟರೆ ಎರಡೂ ಅಲ್ಲದ ಒಂದು ಮನೆ ಸಿಗುತ್ತದೆ. ನಿಮ್ಮ ತಂದೆ ಇಷ್ಟಪಟ್ಟು ಮಾಡಿಸಿದ ಗ್ರಿಲ್ಲು ಚೆನ್ನಾಗಿ ಕಾಣುವಂತೆ ಮಾಡುವುದೇ ಒಳ್ಳೆಯ ಕೆಲಸ ಎಂದು ನಾನು ನಂಬಿದ್ದೇನೆ.

ಗೇಟು, ಗ್ರಿಲ್ಲು ಉಜ್ಜಿಸುವಾಗ ಒಂದು ಎಚ್ಚರ ಬೇಕು. ಹಳೆಯ ಎನಾಮೆಲ್ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ಮನೆ ಬಣ್ಣಗಳಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದು ಎಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ನಿಮ್ಮ ಗ್ರಿಲ್ಲಿನ ಮೇಲೆ ಅದಕ್ಕಿಂತ ಹಳೆಯ ಪದರಗಳು ಇದ್ದೇ ಇರುತ್ತವೆ. ಒಣದಾಗಿ ಉಜ್ಜಿದರೆ ಆ ಪುಡಿ ಗಾಳಿಯಲ್ಲಿ ಹಾರುತ್ತದೆ, ಮಕ್ಕಳಿಗೆ ಬಹಳ ಕೆಟ್ಟದ್ದು. ನೀರು ಹಾಕಿಕೊಂಡು ವಾಟರ್ ಪೇಪರ್‌ನಿಂದ ಉಜ್ಜಿಸಿ, ಕೆಳಗೆ ಪ್ಲಾಸ್ಟಿಕ್ ಹಾಸಿ, ಕೆಲಸ ಮಾಡುವವರಿಗೆ ಮಾಸ್ಕ್ ಕೊಡಿ, ಕಿಟಕಿ ಮುಚ್ಚಿಡಿ. ಗೇಟಿನ ಕೆಳಗಿನ ಪೈಪ್‌ನಲ್ಲಿ ನೀರು ನಿಂತೇ ತುಕ್ಕು ಬಂದಿರುತ್ತದೆ. ತೂತಾದ ಭಾಗ ಕತ್ತರಿಸಿ ಹೊಸದು ವೆಲ್ಡ್ ಮಾಡಿಸಿ, ಅಡಿಯಲ್ಲಿ ನೀರು ಇಳಿಯಲು ಸಣ್ಣ ರಂಧ್ರ ಬಿಡಿಸಿ. ಉಜ್ಜಿ ಒಣಗಿದ ದಿನವೇ ಪ್ರೈಮರ್ ಬೀಳಬೇಕು, ಅದರ ಮೇಲೆ ಎರಡು ಕೋಟ್ ಎನಾಮೆಲ್.

ಹೊಂಗೆ ಮರವನ್ನು ಖಂಡಿತ ಕಡಿಸಬೇಡಿ. ರಸ್ತೆ ಬದಿಯ ಮರ ನಿಮ್ಮದಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ವೃಕ್ಷಾಧಿಕಾರಿಯ ಅನುಮತಿ ಇಲ್ಲದೆ ಕಡಿದರೆ ಅದು ಅಪರಾಧ. ಕಾನೂನು ಹಾಗಿರಲಿ, ನಿಮ್ಮ ಪಶ್ಚಿಮದ ಗೋಡೆಗೆ ನೆರಳು ಕೊಡುತ್ತಿರುವುದು ಅದೊಂದೇ. ಮನೆ ಕಾಣುವುದಿಲ್ಲ ಎನಿಸಿದರೆ ನಗರಪಾಲಿಕೆಗೆ ಅರ್ಜಿ ಕೊಟ್ಟು ಕೆಳಗಿನ ರೆಂಬೆ ಸವರಿಸಬಹುದು.

ಉಳಿದದ್ದು ಕಡಿಮೆ ಖರ್ಚಿನ ಕೆಲಸಗಳು. ಮುಂಭಾಗದಲ್ಲಿ ನೇತಾಡುವ ಕೇಬಲ್‌ಗಳು, ಬಳಸದ ಡಿಶ್, ಸತ್ತುಹೋದ ಫೋನ್ ವೈರು ತೆಗೆಸಿ. ಇದೊಂದರಿಂದಲೇ ಮನೆ ಅರ್ಧ ಹೊಸದಾಗಿ ಕಾಣುತ್ತದೆ. ಮೀಟರ್ ಬೋರ್ಡ್ ಮಾತ್ರ ನೀವಾಗಿ ಮುಟ್ಟಬೇಡಿ. ಸ್ಥಳ ಬದಲಿಸಬೇಕಾದರೆ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮಕ್ಕೆ ಅರ್ಜಿ ಹಾಕಿ, ಲೈಸೆನ್ಸ್ ಇರುವ ಗುತ್ತಿಗೆದಾರರಿಂದ ಮಾಡಿಸಬೇಕು. ಮೆಟ್ಟಿಲಿಗೆ ಪಾಲಿಶ್ ಗ್ರಾನೈಟ್ ಹಾಕಿಸುವ ಯೋಚನೆ ಇದ್ದರೆ ಬಿಡಿ, ಮಳೆಯಲ್ಲಿ ಜಾರುತ್ತದೆ. ಒರಟು ಮಾಡಿದ ಕಲ್ಲು ಹಾಕಿ. ದೀಪಗಳು ಬಿಳಿ ಬೆಳಕಿನದ್ದಲ್ಲ, 3000 ಕೆಲ್ವಿನ್‌ನ ಹಳದಿ ಬೆಳಕಿನದ್ದಿರಲಿ. ಗಿಡಗಳನ್ನು ಗೋಡೆಗೆ ಅಂಟಿಸಿ ನೆಡಬೇಡಿ, ದಿನಾ ಹಾಕುವ ನೀರು ಮತ್ತೆ ತಳಪಾಯಕ್ಕೇ ಹೋಗುತ್ತದೆ. ಕಾಂಪೌಂಡಿನ ಪಕ್ಕ ನಂದಿಬಟ್ಟಲು, ದಾಸವಾಳ ಇಡಿ, ಬಾಗಿಲ ಹತ್ತಿರ ಕುಂಡದಲ್ಲಿ ಮಲ್ಲಿಗೆ.

ಚಪ್ಪರದವರು ಬಂದಾಗ ಹಗ್ಗ ಕಟ್ಟಲು ಸಿಕ್ಕ ಸಿಕ್ಕ ಕಡೆ ಮೊಳೆ ಹೊಡೆಯುತ್ತಾರೆ. ಅದಕ್ಕೆ ಬಣ್ಣ ಹೊಡೆಸುವ ಮುಂಚೆಯೇ ಪ್ಯಾರಪೆಟ್‌ನ ಒಳಮೈಗೆ, ಟೆರೇಸಿನ ಕಡೆಯಿಂದ, ನಾಲ್ಕೈದು ಸ್ಟೇನ್‌ಲೆಸ್ ಸ್ಟೀಲ್ ಕೊಂಡಿ ಹಾಕಿಸಿಡಿ. ಹಗ್ಗ ಅಲ್ಲಿಗೇ ಕಟ್ಟಲಿ. ಹೊಸ ಕಲ್ಲಿನ ಅಂಚಿಗೆ ಹಗ್ಗ ಉಜ್ಜುವ ಕಡೆ ಗೋಣಿತಾಟು ಮಡಚಿ ಇಡಲು ಹೇಳಿ. ಬಾಳೆಕಂಬವನ್ನು ಗೇಟಿನ ಕಂಬಕ್ಕೆ ಕಟ್ಟಬಹುದು, ಬಣ್ಣ ಒಣಗಿ ಒಂದು ವಾರವಾದರೂ ಆಗಿರಬೇಕು ಅಷ್ಟೇ.